ಮೊದಲ ಎಂಡ್ಯೂರೋ ರೇಸ್: ಹತ್ತು ವಾರದಲ್ಲಿ ಸೈಕಲ್ಲಿಗೆ ಏನು, ಸವಾರನಿಗೆ ಏನು?

ಪ್ರಶ್ನೆ: ನಮಸ್ಕಾರ. ಇನ್ನು ಹತ್ತು ವಾರಕ್ಕೆ ಮೊದಲ ಎಂಡ್ಯೂರೋ (ಗುಡ್ಡ ಇಳಿಯುವ ಮೌಂಟನ್ ಬೈಕ್) ರೇಸ್ ಇದೆ, ಹೆಸರು ಕೊಟ್ಟಾಗಿದೆ. ಐದು ಸ್ಟೇಜ್, ಒಟ್ಟು 35 ಕಿ.ಮೀ., ಏರು ಸುಮಾರು 1,300 ಮೀಟರ್. ಹಿಂದಿನ ದಿನ ಪ್ರಾಕ್ಟೀಸ್. ನನ್ನ ತೂಕ 74 ಕೆ.ಜಿ. ಸೈಕಲ್ 29 ಇಂಚು ಚಕ್ರದ ಫುಲ್ ಸಸ್ಪೆನ್ಷನ್, ಮುಂದೆ 160 ಮಿ.ಮೀ. ಫೋರ್ಕ್, ಹಿಂದಿನ ಶಾಕ್‌ನ ಸ್ಟ್ರೋಕ್ (ಒಳಕ್ಕೆ ಅದುಮುವ ಉದ್ದ) 65 ಮಿ.ಮೀ. ವೇಗಕ್ಕೆ ಅನುಕೂಲ ಅಂತ ಹಗುರವಾದ ಟೈರ್ ಹಾಕಿಸಬೇಕು ಅಂದುಕೊಂಡಿದ್ದೇನೆ. ಸರಿಯಾ? ಮತ್ತೆ, ಏರು ಹತ್ತುವ ಸಮಯವೂ ಲೆಕ್ಕಕ್ಕೆ ಬರುತ್ತಾ?

ಉತ್ತರ (ಮೆಕ್ಯಾನಿಕ್): ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಗಡಿಯಾರ ಓಡುವುದು ಇಳಿಯುವ ಸ್ಟೇಜ್‌ಗಳಲ್ಲಿ ಮಾತ್ರ. ಐದೂ ಸ್ಟೇಜ್‌ನ ಸಮಯ ಕೂಡಿಸಿ ಸ್ಥಾನ ಕೊಡ್ತಾರೆ. ನಡುವಿನ ಏರಿಗೆ ಟ್ರಾನ್ಸ್‌ಫರ್ ಅಂತಾರೆ. ಅದರ ಸಮಯ ಲೆಕ್ಕಕ್ಕಿಲ್ಲ, ಆದರೆ ಮುಂದಿನ ಸ್ಟೇಜ್‌ಗೆ ನಿಮಗೊಂದು ಸ್ಟಾರ್ಟ್ ಸಮಯ ಕೊಟ್ಟಿದ್ದರೆ ಆ ಹೊತ್ತಿಗೆ ಅಲ್ಲಿರಬೇಕು. ತಡವಾದರೆ ದಂಡ ಬೀಳುತ್ತೆ. ನಿಮ್ಮ ರೇಸಿನ ನಿಯಮಪುಸ್ತಕದಲ್ಲಿ ಈ ಭಾಗ ಹುಡುಕಿ ಎರಡು ಸಲ ಓದಿ.

ಹಗುರ ಟೈರ್ ಬೇಡ. ಎಂಡ್ಯೂರೋದಲ್ಲಿ ಒಂದು ಪಂಕ್ಚರ್ ಅಂದರೆ ಕೈ ಚುರುಕಾಗಿದ್ದವರಿಗೂ ನಾಲ್ಕೈದು ನಿಮಿಷ ಹೋಯಿತು ಅಂತಲೇ. ಹಗುರ ಟೈರಿನಿಂದ ಒಂದು ಸ್ಟೇಜ್‌ನಲ್ಲಿ ಉಳಿಯುವುದು ಕೆಲವೇ ಸೆಕೆಂಡು. ಮೊದಲ ರೇಸಿನಲ್ಲಿ ಸಮಯ ಹೋಗುವುದು ನಿಧಾನ ಓಡಿಸಿದ್ದರಿಂದ ಅಲ್ಲ, ನಿಂತಿದ್ದರಿಂದ. ನಿಲ್ಲಿಸುವ ಕಾರಣಗಳನ್ನು ಒಂದೊಂದಾಗಿ ತೆಗೆಯುವುದೇ ಈ ಹತ್ತು ವಾರದ ಕೆಲಸ.

ಹಿಂದಿನ ಚಕ್ರಕ್ಕೆ ದಪ್ಪ ಕೇಸಿಂಗ್ (ಟೈರಿನ ಗೋಡೆಯ ಪದರ) ಇರುವ ಟೈರ್ ಹಾಕಿಸಿ. ಮ್ಯಾಕ್ಸಿಸ್ ಆದರೆ ಡಬಲ್‌ಡೌನ್, ಶ್ವಾಲ್ಬೆ ಆದರೆ ಸೂಪರ್ ಗ್ರ್ಯಾವಿಟಿ. ಸುಮಾರು 200 ಗ್ರಾಂ ಭಾರ ಹೆಚ್ಚುತ್ತೆ, ಹೆಚ್ಚಲಿ. ಮುಂದೆ ಒಂದು ಹಂತ ತೆಳುವಿದ್ದರೂ ನಡೆಯುತ್ತೆ, ಯಾಕಂದರೆ ಬಂಡೆಯ ಅಂಚಿನ ಪೂರ್ತಿ ಪೆಟ್ಟು ತಿನ್ನುವುದು ಹಿಂಚಕ್ರ. 2.4 ಇಂಚು ಅಗಲದ ಟೈರಿಗೆ ಸೀಲೆಂಟ್ (ಚಿಕ್ಕ ತೂತನ್ನು ಒಳಗಿನಿಂದ ಮುಚ್ಚುವ ದ್ರವ) 100ರಿಂದ 120 ಮಿ.ಲೀ. ಬೇಕು. ಹಳೆಯದು ಎರಡು ಮೂರು ತಿಂಗಳಲ್ಲೇ ಒಣಗಿ ರಬ್ಬರ್ ಉಂಡೆಯಾಗಿರಬಹುದು. ಚಕ್ರ ಅಲುಗಾಡಿಸಿದಾಗ ಒಳಗೆ ಚಳಕ್ ಚಳಕ್ ಅಂತ ಸದ್ದು ಬರದಿದ್ದರೆ ಖಾಲಿ ಅಂತ ತಿಳಿಯಿರಿ.

ಗಾಳಿ: ನಿಮ್ಮ ತೂಕಕ್ಕೆ ಮುಂದೆ 22, ಹಿಂದೆ 25 ಪಿಎಸ್‌ಐನಿಂದ ಶುರು ಮಾಡಿ. ರಿಮ್‌ಗೆ ಬಂಡೆ ಟಣ್ ಅಂತ ಹೊಡೆದರೆ 1 ಏರಿಸಿ. ತಿರುವಿನಲ್ಲಿ ಟೈರ್ ಮಡಚಿದಂತಾಗಿ ಅಂಚಿನಿಂದ ಪುಸ್ ಅಂತ ಗಾಳಿ ಬಿಟ್ಟರೂ 1 ಏರಿಸಿ. ಬೇರಿನ ಮೇಲೆ ಚಕ್ರ ಪುಟಿದು ಜಾರುತ್ತಿದ್ದರೆ 1 ಇಳಿಸಿ. ಒಂದು ಸಲಕ್ಕೆ 1ಕ್ಕಿಂತ ಹೆಚ್ಚು ಬದಲಿಸಬೇಡಿ. ಗೇಜ್ ಯಾವಾಗಲೂ ಒಂದೇ ಇರಲಿ. ಎರಡು ಪಂಪ್‌ನ ಮುಳ್ಳು 2–3 ಪಿಎಸ್‌ಐ ಬೇರೆ ತೋರಿಸುವುದು ಸಾಮಾನ್ಯ. ಬೇರೆಯವರ ಪಂಪ್‌ನಲ್ಲಿ 25 ತುಂಬಿಸಿದರೆ ಅದು ನಿಮ್ಮ 25 ಆಗಿರಲ್ಲ.

ಪ್ರಶ್ನೆ: ಧನ್ಯವಾದ ಸರ್. ಟೈರ್ ಒಳಗೆ ಫೋಮ್ ಇನ್ಸರ್ಟ್ ಹಾಕಿಸಲೇಬೇಕಾ? ಬ್ರೇಕ್, ಸಸ್ಪೆನ್ಷನ್‌ನಲ್ಲಿ ಏನು ನೋಡಲಿ?

ಉತ್ತರ (ಮೆಕ್ಯಾನಿಕ್): ಇನ್ಸರ್ಟ್ ಕಡ್ಡಾಯ ಅಲ್ಲ. ಕಲ್ಲು ಜಾಸ್ತಿ ಇರುವ ಜಾಗವಾದರೆ ಹಿಂದೆ ಒಂದು ಹಾಕಿಸಿ, ರಿಮ್ ಉಳಿಯುತ್ತೆ. ಆದರೆ ದಾರಿಯಲ್ಲಿ ಟ್ಯೂಬ್ ಹಾಕಬೇಕಾಗಿ ಬಂದರೆ ಆ ಸೀಲೆಂಟ್ ಮೆತ್ತಿದ ಫೋಮ್ ಎಳೆದು ಬೆನ್ನಿಗೆ ಕಟ್ಟಿಕೊಂಡು ಹೋಗಬೇಕು. ಮನೆಯಲ್ಲಿ ಒಮ್ಮೆ ತೆಗೆದು ಹಾಕಿ ಅಭ್ಯಾಸ ಮಾಡದವರಿಗೆ ಬೇಡ ಅಂತಲೇ ನನ್ನ ಸಲಹೆ.

ಬ್ರೇಕ್: ರೇಸಿಗೆ ಎರಡು ವಾರ ಮೊದಲು ಹೊಸ ಪ್ಯಾಡ್ ಹಾಕಿ. ಹಿಂದಿನ ರಾತ್ರಿ ಅಲ್ಲ. ಹೊಸ ಪ್ಯಾಡ್ ಕಚ್ಚಲು ರೋಟರ್ (ಚಕ್ರದ ಬ್ರೇಕ್ ತಟ್ಟೆ) ಮೇಲೆ ಪ್ಯಾಡಿನ ತೆಳು ಪದರ ಕೂರಬೇಕು. ಮಧ್ಯಮ ವೇಗಕ್ಕೆ ತಂದು ನಡಿಗೆಯ ವೇಗಕ್ಕೆ ಇಳಿಸಿ, ಹೀಗೆ 20 ಸಲ. ಆಮೇಲೆ ಇನ್ನೂ ವೇಗದಿಂದ 10 ಸಲ. ಚಕ್ರ ಲಾಕ್ ಆಗಬಾರದು, ಪೂರ್ತಿ ನಿಲ್ಲಿಸಲೂಬಾರದು. ನಿಲ್ಲಿಸಿದರೆ ಒಂದೇ ಜಾಗದಲ್ಲಿ ಪ್ಯಾಡ್ ಅಂಟಿ, ಆಮೇಲೆ ಹಿಡಿದಾಗಲೆಲ್ಲ ಅದುರುತ್ತೆ. ಉದ್ದ ಇಳಿಜಾರಿಗೆ ಮೆಟಲ್ ಪ್ಯಾಡ್ ಒಳ್ಳೆಯದು. ಬಿಸಿಗೆ ತಡೆಯುತ್ತೆ, ಕೆಸರಿನಲ್ಲೂ ಬೇಗ ಸವೆಯಲ್ಲ. ನಿಮ್ಮ ರೋಟರ್ ಮೆಟಲ್ ಪ್ಯಾಡಿಗೆ ಹೊಂದುವುದೇ ಅಂತ ಮಾತ್ರ ಮೊದಲು ನೋಡಿ. ಕೆಲವು ರೋಟರ್ ಮೇಲೆ 'ರೆಸಿನ್ ಪ್ಯಾಡ್ ಓನ್ಲಿ' ಅಂತ ಬರೆದಿರುತ್ತೆ. ಶಿಮಾನೋ ರೋಟರ್ 1.5 ಮಿ.ಮೀ. ತಲುಪಿದ್ದರೆ ಬದಲಿಸಿ, ಹೊಸದು 1.8 ಇರುತ್ತೆ.

ಲಿವರ್ ಹಿಡಿಕೆಯ ಹತ್ತಿರ ಬರುತ್ತಿದ್ದರೆ ಬ್ಲೀಡ್ ಮಾಡಿಸಿ, ಅಂದರೆ ಬ್ರೇಕ್ ಎಣ್ಣೆಯೊಳಗಿನ ಗಾಳಿಗುಳ್ಳೆ ತೆಗೆಸಿ. ಎಣ್ಣೆ ಯಾವುದು ಅಂತ ಲಿವರ್ ಮೇಲೇ ಬರೆದಿರುತ್ತೆ. ಮಿನರಲ್ ಆಯಿಲ್ ಬ್ರೇಕಿಗೆ ಡಾಟ್ ದ್ರವ ಹಾಕಿದರೂ, ಡಾಟ್ ಬ್ರೇಕಿಗೆ ಮಿನರಲ್ ಆಯಿಲ್ ಹಾಕಿದರೂ ಒಳಗಿನ ಸೀಲ್ ಊದಿ ಬ್ರೇಕ್ ಹಾಳಾಗುತ್ತೆ. ಇನ್ನೊಂದು ವಿಷಯ: ಚೈನಿಗೆ ಸ್ಪ್ರೇ ಹೊಡೆಯುವಾಗ ಅದರ ಮಂಜು ರೋಟರ್ ಮೇಲೆ ಕೂರುತ್ತೆ. ಕಣ್ಣಿಗೆ ಕಾಣಲ್ಲ, ಪ್ಯಾಡ್ ಮಾತ್ರ ಕೆಟ್ಟಿರುತ್ತೆ. ಚೈನಿಗೆ ಹನಿ ಹನಿಯಾಗಿ ಎಣ್ಣೆ ಬಿಟ್ಟು, ಬಟ್ಟೆಯಿಂದ ಒರೆಸಿ.

ಸಸ್ಪೆನ್ಷನ್: ರೇಸ್ ದಿನದ ಎಲ್ಲ ಸಾಮಾನು, ನೀರು ತುಂಬಿದ ಬ್ಯಾಗ್ ಸಹಿತ ಹಾಕಿಕೊಂಡು ಸ್ಯಾಗ್ (ನಿಮ್ಮ ಭಾರಕ್ಕೆ ಸಸ್ಪೆನ್ಷನ್ ಕುಸಿಯುವ ಪ್ರಮಾಣ) ಅಳೆಯಿರಿ. ಲಾಕ್ ಲಿವರ್ ಪೂರ್ತಿ ತೆರೆದಿರಲಿ. ಪೆಡಲ್ ಮೇಲೆ ನಿಂತು ಎರಡು ಮೂರು ಸಲ ಕುಕ್ಕಿ, ಇಳಿಯುವಾಗ ನಿಲ್ಲುವ ಭಂಗಿಯಲ್ಲೇ ನಿಶ್ಚಲವಾಗಿ ನಿಲ್ಲಿ. ಇನ್ನೊಬ್ಬರು ಫೋರ್ಕ್, ಶಾಕ್‌ನ ಕೊಳವೆ ಮೇಲಿನ ರಬ್ಬರ್ ರಿಂಗನ್ನು ಸೀಲ್‌ವರೆಗೆ ತಳ್ಳಲಿ. ನೀವು ಮೆಲ್ಲಗೆ ಇಳಿದು ಅಳೆಯಿರಿ. ಫೋರ್ಕ್ 15–20 ಶೇಕಡ, ನಿಮ್ಮ 160ಕ್ಕೆ 24ರಿಂದ 32 ಮಿ.ಮೀ. ಶಾಕ್ 30 ಶೇಕಡ, ಅಂದರೆ 65ಕ್ಕೆ ಸುಮಾರು 19–20 ಮಿ.ಮೀ. ಶಾಕ್‌ಗೆ ಗಾಳಿ ಒಮ್ಮೆಲೇ ತುಂಬಬೇಡಿ. 50 ಪಿಎಸ್‌ಐ ಹಾಕಿ, ಹತ್ತು ಸಲ ಅದುಮಿ, ಮತ್ತೆ 50. ಹಾಗೆ ಮಾಡದಿದ್ದರೆ ಒಳಗಿನ ನೆಗೆಟಿವ್ ಚೇಂಬರ್‌ಗೆ ಗಾಳಿ ಸಮನಾಗಿ ಹೋಗಿರಲ್ಲ, ಅಳತೆ ಸುಳ್ಳು ಬರುತ್ತೆ.

ರೀಬೌಂಡ್ (ಅದುಮಿದ ಸಸ್ಪೆನ್ಷನ್ ಮತ್ತೆ ಏಳುವ ವೇಗ) ತಿರುಪನ್ನು ಪೂರ್ತಿ ಮುಚ್ಚಿ, ಅಲ್ಲಿಂದ ಎಷ್ಟು ಕ್ಲಿಕ್ ಬಿಚ್ಚಿದ್ದೀರಿ ಅಂತ ಬರೆದಿಡಿ. ತುಂಬಾ ನಿಧಾನ ಇದ್ದರೆ ಸಾಲು ಕಲ್ಲುಗಳ ಮೇಲೆ ಫೋರ್ಕ್ ಏಳಲು ಪುರುಸೊತ್ತಾಗದೆ ಕುಸಿಯುತ್ತಾ ಹೋಗಿ ಕೊನೆಗೆ ಕಬ್ಬಿಣದ ಸಲಾಕೆಯಂತೆ ಆಗುತ್ತೆ. ತುಂಬಾ ವೇಗ ಇದ್ದರೆ ಜಂಪ್‌ನಲ್ಲಿ ಹಿಂಚಕ್ರ ಒದ್ದು ಮುಂದಕ್ಕೆ ತಳ್ಳುತ್ತೆ.

ಉತ್ತರ (ಕೋಚ್): ಸೈಕಲ್ ಬಗ್ಗೆ ಮೇಲೆ ಹೇಳಿದ್ದೆಲ್ಲ ಒಪ್ಪುತ್ತೇನೆ. ದೇಹದ ವಿಷಯದಲ್ಲಿ ಹೊಸಬರು ಸಾಮಾನ್ಯವಾಗಿ ಕಾಲು ಮಾತ್ರ ತಯಾರು ಮಾಡಿಕೊಂಡು ಬರುತ್ತಾರೆ. ಮೂರನೇ ಸ್ಟೇಜ್ ಹೊತ್ತಿಗೆ ಮೊದಲು ಸೋಲುವುದು ಮುಂಗೈ. ಬೆರಳು ಮಡಚಲು ಆಗಲ್ಲ, ಬ್ರೇಕ್ ಹಿಡಿಯಲು ಆಗಲ್ಲ, ಅಲ್ಲೇ ಬೀಳುವುದು.

ಇದರ ಮುಖ್ಯ ಕಾರಣ ಬ್ರೇಕನ್ನು ಉದ್ದಕ್ಕೂ ಅರೆಬರೆ ಹಿಡಿದುಕೊಂಡೇ ಇಳಿಯುವುದು. ತಿರುವಿನ ಮೊದಲು ನೇರ ಜಾಗದಲ್ಲಿ ಗಟ್ಟಿಯಾಗಿ ಹಿಡಿದು, ತಿರುವಿನೊಳಗೆ ಬಿಟ್ಟು ಹೋಗುವ ಅಭ್ಯಾಸ ಮಾಡಿ. ನಯವಾದ ಐದು ಮೀಟರ್ ಸಿಕ್ಕರೂ ಅಲ್ಲಿ ಬೆರಳು ಸಡಿಲ ಬಿಡಿ. ಲಿವರನ್ನು ಹಿಡಿಕೆಯ ಉದ್ದಕ್ಕೆ ಒಳಕ್ಕೆ ಸರಿಸಿ, ತೋರುಬೆರಳು ಒಂದೇ ಲಿವರ್ ತುದಿಯ ಕೊಕ್ಕೆಯಲ್ಲಿ ಕೂರುವಂತೆ ಮಾಡಿ. ಎರಡು ಬೆರಳಲ್ಲಿ ಬ್ರೇಕ್ ಹಿಡಿದರೆ ಹ್ಯಾಂಡಲ್ ಹಿಡಿಯಲು ಉಳಿಯುವುದು ಎರಡೇ.

ವಾರದ ಕ್ರಮ: ಒಂದು ದಿನ 3 ಗಂಟೆಯಷ್ಟು ಉದ್ದದ ಸವಾರಿ, ಮಾತಾಡುತ್ತಾ ಹತ್ತುವ ವೇಗದಲ್ಲಿ. ಟ್ರಾನ್ಸ್‌ಫರ್‌ಗೆ ಬೇಕಾದ್ದು ಇದೇ. ಒಂದು ದಿನ ಜೋರಾಗಿ 4 ನಿಮಿಷ, ವಿಶ್ರಾಂತಿ 4 ನಿಮಿಷ, ಹೀಗೆ ನಾಲ್ಕು ಸಲ. ಒಂದು ದಿನ ಇಳಿಜಾರು ಮಾತ್ರ: ನಿಮ್ಮ ಸ್ಟೇಜ್‌ನಷ್ಟೇ ಉದ್ದದ ದಾರಿಯನ್ನು ನಡುವೆ ನಿಲ್ಲದೆ ಇಳಿಯಿರಿ. ಹತ್ತಿರದ ಗುಡ್ಡ ಒಂದೇ ನಿಮಿಷದ್ದಾದರೆ ತಕ್ಷಣ ಹತ್ತಿ ಮತ್ತೆ ಇಳಿಯಿರಿ, ದಣಿದ ಕೈಯಲ್ಲಿ ಇಳಿಯುವುದನ್ನು ಕಲಿಯಲು ಅದೂ ಸಾಕು. ಎರಡು ದಿನ ಸ್ಕ್ವಾಟ್, ಡೆಡ್‌ಲಿಫ್ಟ್, ಪುಶಪ್, ಕಂಬಿಗೆ ಜೋತು ಬೀಳುವುದು. ಕೊನೆಯ ವಾರ ಸವಾರಿಯ ಸಮಯ ಅರ್ಧಕ್ಕೆ ಇಳಿಸಿ, ಒಂದೆರಡು ಚಿಕ್ಕ ಜೋರು ಓಟ ಮಾತ್ರ ಇಟ್ಟುಕೊಳ್ಳಿ.

ಪ್ರಶ್ನೆ (ಇನ್ನೊಬ್ಬ ಸದಸ್ಯೆ): ಪ್ರಾಕ್ಟೀಸ್ ದಿನ ಎಷ್ಟು ಸಲ ಇಳಿಯಬೇಕು ಸರ್? ನಾನಂತೂ ದಾರಿಯೆಲ್ಲ ಬಾಯಿಪಾಠ ಮಾಡಬೇಕು ಅಂದುಕೊಂಡಿದ್ದೆ.

ಉತ್ತರ (ಕೋಚ್): ಬಾಯಿಪಾಠ ಆಗಲ್ಲ ಮೇಡಂ, ಪ್ರಯತ್ನಪಟ್ಟರೆ ಎಲ್ಲ ಸೇರಿ ಕಲಸಿಹೋಗುತ್ತೆ. ಪ್ರತಿ ಸ್ಟೇಜ್ ಒಮ್ಮೆ ನಿಂತು ನಿಂತು ಇಳಿಯಿರಿ. ಕಷ್ಟದ ಜಾಗದಲ್ಲಿ ಸೈಕಲ್ ಬದಿಗಿಟ್ಟು ಹತ್ತು ಮೀಟರ್ ಮೇಲಕ್ಕೆ ನಡೆದು ಬನ್ನಿ, ಅಲ್ಲಿಂದ ಮತ್ತೆ ನೋಡಿ. ಕೆಳಗಿನಿಂದ ಕಾಣುವ ದಾರಿಯೇ ಬೇರೆ, ಸವಾರನ ಕಣ್ಣಿಗೆ ಕಾಣುವ ದಾರಿಯೇ ಬೇರೆ. ದಾರಿಯ ಎರಡೂ ಬದಿ ಕಟ್ಟಿದ ಟೇಪ್‌ನಿಂದ ಟೇಪ್‌ವರೆಗಿನ ಪೂರ್ತಿ ಅಗಲ ನೋಡಿ. ಎಲ್ಲರ ಚಕ್ರ ಉತ್ತ ಗೀರಿನ ಪಕ್ಕದಲ್ಲೇ ಹಿಡಿತ ಇರುವ ಹೊಸ ಮಣ್ಣು ಇರುತ್ತೆ. ಒಂದು ಸ್ಟೇಜ್‌ಗೆ ಮೂರು ಜಾಗ ಮಾತ್ರ ನೆನಪಿಟ್ಟುಕೊಳ್ಳಿ, ಪ್ರತಿಯೊಂದಕ್ಕೂ ಒಂದು ಗುರುತು ಸಹಿತ: "ಸೀಳಿದ ಮರ, ಆಮೇಲೆ ಎಡಕ್ಕೆ ಎತ್ತರ". ಶಕ್ತಿ ಇದ್ದರೆ ಅತಿ ಕಷ್ಟದ ಸ್ಟೇಜ್ ಮಾತ್ರ ಎರಡನೇ ಸಲ. ಮಿಕ್ಕ ಕಾಲು ನಾಳೆಗೆ ಬೇಕು.

ಟೇಪ್ ದಾಟಿ ಹೊರಹೋದರೆ, ಹೊರಹೋದ ಜಾಗದಿಂದಲೇ ಒಳಬನ್ನಿ. ಹಿಂದಿನವರು "ಬಲಕ್ಕೆ" ಅಂತ ಕೂಗಿದರೆ ಮುಂದಿನ ಸುರಕ್ಷಿತ ಜಾಗದಲ್ಲಿ ದಾರಿ ಬಿಡಿ. ಅದರಿಂದ ನಿಮಗೆ ಹೋಗುವುದು ಎರಡು ಸೆಕೆಂಡು. ಬಿದ್ದು ಏಳದವರು ಕಂಡರೆ ನಿಲ್ಲಿ, ರೇಸ್ ಆಮೇಲೆ.

ಪ್ರಶ್ನೆ: ಮೈಮೇಲೆ ಏನೇನು ಇಟ್ಟುಕೊಳ್ಳಲಿ? ತಿನ್ನುವುದು?

ಉತ್ತರ (ಮೆಕ್ಯಾನಿಕ್): ಟ್ಯೂಬ್ ಒಂದು, ಟೈರಿನ ತೂತಿಗೆ ತುರುಕುವ ಪ್ಲಗ್ ತುಂಬಿದ ಸೂಜಿ, 25 ಗ್ರಾಂ ಸಿಒ2 ಸಿಲಿಂಡರ್ (29 ಇಂಚಿನ ದಪ್ಪ ಟೈರಿಗೆ 16 ಗ್ರಾಂ ಸಾಲಲ್ಲ), ಚಿಕ್ಕ ಪಂಪ್, ಟಿ25 (ನಕ್ಷತ್ರದಾಕಾರದ ಕೀ) ಇರುವ ಮಲ್ಟಿಟೂಲ್, ಚೈನ್ ಕಟರ್, ನಿಮ್ಮ ಚೈನಿನ ಸ್ಪೀಡಿಗೆ (ಹಿಂದಿನ ಗೇರ್ ಸಂಖ್ಯೆಗೆ) ಹೊಂದುವ ಕ್ವಿಕ್ ಲಿಂಕ್ (ತುಂಡಾದ ಚೈನ್ ಜೋಡಿಸುವ ಕೊಂಡಿ), ಡಿರೇಲರ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸುವ ಭಾಗವನ್ನು ಫ್ರೇಮಿಗೆ ಹಿಡಿಸುವ ತುಂಡು). ಹ್ಯಾಂಗರ್ ಒಂದೊಂದು ಫ್ರೇಮಿಗೆ ಒಂದೊಂದು ಥರ, ಸ್ಪರ್ಧೆಯ ಜಾಗದಲ್ಲಿ ಸಿಗುತ್ತೆ ಅಂತ ನಂಬಬೇಡಿ. ಟ್ಯೂಬ್‌ಲೆಸ್ ವಾಲ್ವ್‌ನ ನಟ್ಟನ್ನು ಇವತ್ತೇ ಕೈಯಲ್ಲಿ ಬಿಚ್ಚಿ ನೋಡಿ. ಪಕ್ಕಡದಲ್ಲಿ ಬಿಗಿಸಿದ್ದರೆ ಕಾಡಿನಲ್ಲಿ ಬರಲ್ಲ. ವಾಲ್ವ್ ಬರದಿದ್ದರೆ ಜೇಬಿನಲ್ಲಿ ಟ್ಯೂಬ್ ಇದ್ದೂ ಇಲ್ಲದ ಹಾಗೆ.

ಉತ್ತರ (ಕೋಚ್): ಫುಲ್‌ಫೇಸ್ ಹೆಲ್ಮೆಟ್, ಮೊಣಕಾಲು ಪ್ಯಾಡ್, ಪೂರ್ಣ ಬೆರಳಿನ ಗ್ಲೌಸ್, ಸಾಧ್ಯವಾದರೆ ಬೆನ್ನಿನ ರಕ್ಷಕ. ಕೆಲವು ರೇಸ್‌ಗಳಲ್ಲಿ ಟ್ರಾನ್ಸ್‌ಫರ್‌ನಲ್ಲೂ ಹೆಲ್ಮೆಟ್ ಕಡ್ಡಾಯ. ಗಾಗಲ್ಸ್ ಹತ್ತುವಾಗ ಹಣೆಗೆ ಏರಿಸಬೇಡಿ, ಬೆವರಿನ ಆವಿಗೆ ಒಳಗೆ ಮಂಜು ಕಟ್ಟುತ್ತೆ. ಬ್ಯಾಗಿನಲ್ಲಿಟ್ಟು ಸ್ಟಾರ್ಟ್‌ನಲ್ಲಿ ಹಾಕಿಕೊಳ್ಳಿ.

ಗಂಟೆಗೆ 30–60 ಗ್ರಾಂ ಕಾರ್ಬೋಹೈಡ್ರೇಟ್. ದೊಡ್ಡ ಬಾಳೆಹಣ್ಣು ಒಂದರಲ್ಲಿ 25–30 ಗ್ರಾಂ ಇರುತ್ತೆ. ನೀರು ಗಂಟೆಗೆ ಅರ್ಧ ಲೀಟರ್, ಸೆಕೆಯಿದ್ದರೆ ಮುಕ್ಕಾಲು. ತಿನ್ನುವುದು ಸ್ಟೇಜ್ ಮುಗಿದ ಕೂಡಲೆ. ಸ್ಟಾರ್ಟ್ ಹತ್ತಿರ ತಿಂದರೆ ಇಳಿಯುವಾಗ ಹೊಟ್ಟೆ ಕುಲುಕುತ್ತೆ.

ಸ್ಟಾರ್ಟ್‌ನಲ್ಲಿ ಒಂದು ನಿಮಿಷ ಉಳಿದಾಗ ಇದೇ ಕ್ರಮದಲ್ಲಿ ಕೈ ಆಡಿಸಿ: ಶಾಕ್ ಲಿವರ್ ತೆರೆದಿದೆಯಾ, ಸೀಟ್ ಕೆಳಗಿದೆಯಾ, ಹೊರಡುವ ಗೇರ್ ಬಿದ್ದಿದೆಯಾ, ಹೆಲ್ಮೆಟ್ ಪಟ್ಟಿ, ಗಾಗಲ್ಸ್. ಏರಿಗೆ ಲಾಕ್ ಮಾಡಿದ ಶಾಕನ್ನು ಹಾಗೇ ಬಿಟ್ಟು ಹೊರಡುವುದು ಅತಿ ಸಾಮಾನ್ಯ ತಪ್ಪು. ಹಿಂಚಕ್ರ ಯಾಕೆ ಹೀಗೆ ಪುಟಿಯುತ್ತಿದೆ ಅಂತ ಅರ್ಥವಾಗುವ ಹೊತ್ತಿಗೆ ಅರ್ಧ ಸ್ಟೇಜ್ ಮುಗಿದಿರುತ್ತೆ. ಮೊದಲ ಸ್ಟೇಜ್‌ನಲ್ಲಿ ನಿಮ್ಮ ಶಕ್ತಿಯ ಹತ್ತರಲ್ಲಿ ಎಂಟು ಪಾಲು ಸಾಕು.

ಪ್ರಶ್ನೆ: ಇಬ್ಬರಿಗೂ ತುಂಬಾ ಧನ್ಯವಾದ. ಈಗಷ್ಟೇ ಬ್ಯಾಗ್ ಸಮೇತ ಸ್ಯಾಗ್ ಅಳೆದೆ. ಫೋರ್ಕ್ 29 ಮಿ.ಮೀ., ಶಾಕ್ 24 ಮಿ.ಮೀ. ಬಂತು.

ಉತ್ತರ (ಮೆಕ್ಯಾನಿಕ್): ಫೋರ್ಕ್ ಸರಿಯಿದೆ, ಮುಟ್ಟಬೇಡಿ. ಶಾಕ್ 37 ಶೇಕಡ ಆಯಿತು, ತುಂಬಾ ಮೆದು. ಹೀಗಿದ್ದರೆ ಹಿಂಭಾಗ ಕುಸಿದು, ಕಲ್ಲಿಗೆ ಪೆಡಲ್ ತಾಗುತ್ತೆ, ಮುಂಚಕ್ರ ತಿರುವಿನಲ್ಲಿ ಹಗುರಾಗಿ ಜಾರುತ್ತೆ. 10 ಪಿಎಸ್‌ಐ ಏರಿಸಿ, ಹತ್ತು ಸಲ ಅದುಮಿ, ಮತ್ತೆ ಅಳೆಯಿರಿ. 20 ಮಿ.ಮೀ. ಬರುವವರೆಗೆ ಹೀಗೇ. ಶಾಕ್ ಮೇಲೆ ಬರೆದಿರುವ ಗರಿಷ್ಠ ಒತ್ತಡ ದಾಟಬೇಡಿ. ಗಾಳಿ ಹೆಚ್ಚಿದ ಮೇಲೆ ಶಾಕ್ ವೇಗವಾಗಿ ಏಳುತ್ತೆ, ಅದಕ್ಕೆ ರೀಬೌಂಡ್ ಒಂದು ಕ್ಲಿಕ್ ಮುಚ್ಚಿ ಓಡಿಸಿ ನೋಡಿ.