ಗೊರಕೆ ಆಪರೇಷನ್‌ಗೆ ಇನ್ಶೂರೆನ್ಸ್: ಇಎನ್‌ಟಿ ಡಾಕ್ಟ್ರನ್ನ ಕೇಳಿ

ಕುವೆಂಪುನಗರ: ಸಾರ್, ಗೊರಕೆ ಆಪರೇಷನ್‌ಗೆ ಇನ್ಶೂರೆನ್ಸ್ ಬರುತ್ತಾ?

ಡಾಕ್ಟ್ರು: ಬರೀ ಗೊರಕೆಗೆ ಬರಲ್ಲ. ಸ್ಲೀಪ್ ಸ್ಟಡೀಲಿ (ರಾತ್ರಿ ನಿದ್ದೆ ಪರೀಕ್ಷೆ) ಆಪ್ನಿಯಾ, ಅಂದ್ರೆ ನಿದ್ದೇಲಿ ಉಸಿರು ನಿಂತು ನಿಂತು ಬರೋ ಕಾಯಿಲೆ, ಅಂತ ಬಂದು, ಆಪರೇಷನ್ ಯಾಕೆ ಬೇಕು ಅಂತ ಡಾಕ್ಟ್ರು ಬರೆದುಕೊಟ್ರೆ ಪಾಲಿಸಿ ನೋಡಿ ಕೊಡ್ತಾರೆ.

ಮದ್ದೂರು: ನಮಸ್ಕಾರ ಸಾರ್, ನಮ್ಮ ಯಜಮಾನ್ರು ಕಬ್ಬಿನ ಲಾರಿ ಓಡಿಸ್ತಾರೆ, ರಾತ್ರಿ ಗೊರಕೆ ಹೊಡೀತಾ ಹೊಡೀತಾ ಉಸಿರೇ ನಿಂತೋಯ್ತದೆ, ನಾನು ಎದೆ ಮೇಲೆ ಕೈ ಇಟ್ಕಂಡು ಕಾಯ್ತಿರ್ತೀನಿ, ಆಮೇಲೆ ಬೆಚ್ಚಿಬಿದ್ದಂಗೆ ಉಸಿರೆಳ್ಕತಾರೆ. ಸ್ಲೀಪ್ ಸ್ಟಡೀಲಿ ಎಎಚ್‌ಐ, ಅಂದ್ರೆ ಗಂಟೆಗೆ ಎಷ್ಟು ಸಲ ಉಸಿರು ಕಟ್ತದೆ ಅನ್ನೋ ಲೆಕ್ಕ, 42 ಬಂದೈತೆ. ಮೂಗಿನ ಮೂಳೆದು, ಅಂಗುಳುದು ಆಪರೇಷನ್ ಹೇಳವ್ರೆ, ಇನ್ಶೂರೆನ್ಸ್‌ನೋರು ಇದು ಚೆಂದಕ್ಕೆ ಮಾಡ್ಸೋ ಕಾಸ್ಮೆಟಿಕ್ ಆಪರೇಷನ್ ಅಂತ ಕ್ಯಾಶ್‌ಲೆಸ್ ರಿಜೆಕ್ಟ್ ಮಾಡವ್ರೆ. ಮೊನ್ನೆ ಫ್ಯಾಕ್ಟ್ರಿ ಕ್ಯೂನಲ್ಲಿ ಸ್ಟೇರಿಂಗ್ ಮೇಲೇ ನಿದ್ದೆ ಹೋಗ್ಬುಟ್ಟಿದ್ರಂತೆ.

ಡಾಕ್ಟ್ರು: ಅಮ್ಮ, ಮೊದ್ಲು ಅವರು ಲಾರಿ ಓಡಿಸೋದು ನಿಲ್ಸಿ. 30 ಮುಟ್ಟಿದ್ರೇ ಸಿವಿಯರ್, ಇವರಿಗೆ ಗಂಟೆಗೆ 42 ಸಲ ಉಸಿರು ನಿಲ್ತಿದೆ ಇಲ್ಲ ಕಮ್ಮಿ ಆಗ್ತಿದೆ. ಕ್ಲೇಮ್ ಆಗ್ಲಿ ಅಂತ ಕಾಯ್ಬೇಡಿ, ಮಲಗಿದಾಗ ಮಾಸ್ಕಿಂದ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡೋ ಸಿಪ್ಯಾಪ್ ಮಷೀನು ಬಾಡಿಗೆಗೂ ಸಿಗುತ್ತೆ, ಈ ಹಂತದಲ್ಲಿ ಮೊದಲ ಚಿಕಿತ್ಸೆ ಅದೇ, ಅದನ್ನ ಹಾಕಿ ನೋಡಿದ್ರಾ ಅಂತ ಕಂಪನಿಯೋರೂ ಕೇಳ್ತಾರೆ. ಆಪರೇಷನ್ನಿಂದ ಎಲ್ಲರಿಗೂ ಪೂರ್ತಿ ವಾಸಿ ಆಗಲ್ಲ, ಆದ್ಮೇಲೂ ಸ್ಲೀಪ್ ಸ್ಟಡಿ ಮಾಡಿಸ್ಬೇಕು. ಇನ್ನು ದುಡ್ಡಿನ ವಿಷ್ಯ, ಕ್ಯಾಶ್‌ಲೆಸ್ ರಿಜೆಕ್ಟ್ ಆದ್ರೆ ಕ್ಲೇಮೇ ಹೋಯ್ತು ಅಂತಲ್ಲ, ಬಿಲ್ ಕಟ್ಟಿ ಆಮೇಲೂ ಕೇಳ್ಬಹುದು. ಯಾವ ಷರತ್ತಿನ ಮೇಲೆ ರಿಜೆಕ್ಟ್ ಅಂತ ಬರೆಸ್ಕೊಳ್ಳಿ. ಕಾಸ್ಮೆಟಿಕ್ ಷರತ್ತಲ್ಲೇ ಚಿಕಿತ್ಸೆ ಆರೋಗ್ಯಕ್ಕೆ ಅಗತ್ಯ ಇದ್ರೆ ವಿನಾಯ್ತಿ ಇದೆ, ಅದಕ್ಕೆ ಆಪರೇಷನ್ ಹೇಳಿದ ಡಾಕ್ಟ್ರ ಪತ್ರ, ಸ್ಲೀಪ್ ಸ್ಟಡಿ, ಬಿಪಿ ಇದ್ರೆ ಅದರ ಚೀಟಿಗಳು ಲಗತ್ತಿಸಿ. ಮೊದ್ಲು ಕಂಪನಿಗೇ ಲಿಖಿತ ದೂರು, 30 ದಿನಕ್ಕೂ ಉತ್ತರ ಬರದಿದ್ರೆ ವಿಮೆ ದೂರು ವಿಚಾರಿಸೋ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಹಾಕಿ, ಫೀಸಿಲ್ಲ. ಪಾಲಿಸಿ ತಗೊಂಡು ಎಷ್ಟು ವರ್ಷ? ಮೂಗಿನ ಮೂಳೆಗೆ ಸುಮಾರು ಪಾಲಿಸಿಗಳಲ್ಲಿ 2 ವರ್ಷ ವೇಟಿಂಗ್ ಇರುತ್ತೆ, ಅಷ್ಟರೊಳಗೆ ಅದಕ್ಕೆ ಕ್ಲೇಮ್ ಬರಲ್ಲ.

ಸರಸ್ವತಿಪುರಂ: ನಮ್ಮ ಮಗೂಗೆ 6 ವರ್ಷ, ಟಾನ್ಸಿಲ್ ಊದಿ ಗೊರಕೆ ಬರ್ತಿದೆ, ಇದಕ್ಕೆ?

ಹುಣಸೂರು: ಫಾರ್ವರ್ಡೆಡ್: ರಾತ್ರಿ ಮೂಗಿಗೆ ತುಪ್ಪ ಬಿಟ್ಟು ಬಾಯಿಗೆ ಟೇಪ್ ಅಂಟಿಸಿ ಮಲಗಿ, 7 ದಿನದಲ್ಲಿ ಗೊರಕೆ ಮಾಯ 🙏

ಡಾಕ್ಟ್ರು: ಈಗ್ಲೇ ಡಿಲೀಟ್ ಮಾಡಿ. ಮೂಗು ಕಟ್ಟಿರೋರ ಬಾಯಿಗೂ ಟೇಪ್ ಹಾಕಿದ್ರೆ ಎಲ್ಲಿಂದ ಉಸಿರಾಡ್ತಾರೆ?

ಹುಣಸೂರು: ಒಳ್ಳೇದಕ್ಕೇ ಹಾಕಿದ್ದು ಸಾರ್. ಇನ್ಶೂರೆನ್ಸ್ ನಂಬ್ಕೊಂಡು ಕೂತ್ರೆ ಆಗುತ್ತಾ, ಎಲ್ಲಾ ಮೋಸ.

ಏಜೆಂಟ್: ಮೋಸ ಅನ್ಬೇಡಿ. ಫಾರ್ಮಲ್ಲಿ ಬಿಪಿ ಮುಚ್ಚಿಟ್ಟು ಆಮೇಲೆ ಕ್ಲೇಮ್ ಬರಲಿಲ್ಲ ಅಂತ ಅಳೋರೇ ಜಾಸ್ತಿ.

ಹುಣಸೂರು: ಟಿಕ್ ಹಾಕೋರು ನೀವೇ, ಸೈನ್ ಮಾತ್ರ ನಮ್ದು!

ಏಜೆಂಟ್: ಓದ್ದೆ ಸೈನ್ ಮಾಡಿ ಅಂತ ಯಾರ್ ಹೇಳಿದ್ರು?

ವಿಜಯನಗರ: ಸಿಪ್ಯಾಪ್ ಮಷೀನ್‌ಗೆ ಕ್ಲೇಮ್ ಇದ್ಯಾ?

ಡಾಕ್ಟ್ರು: ಸಾಮಾನ್ಯವಾಗಿ ಇಲ್ಲ.

ಜಯಲಕ್ಷ್ಮೀಪುರಂ: ಗೊರಕೆಗೆ ಇನ್ಶೂರೆನ್ಸ್ ಬರುತ್ತಾ ಸಾರ್?

ಡಾಕ್ಟ್ರು: ಮೇಲೆ ಓದಿ.

ಹುಣಸೂರು: ಏಜೆಂಟ್ರು ಕಮಿಷನ್ ಎಷ್ಟು ಅಂತ ಹೇಳ್ಲಿ ಮೊದ್ಲು.

ಡಾಕ್ಟ್ರು: ಇಬ್ರೂ ನಿಲ್ಸಿ ಸಾಕು. ಮದ್ದೂರಿನ ತಾಯಿ, ಲಾರಿ ಈಗ ಯಾರು ಓಡಿಸ್ತಿದಾರೆ?

ಮದ್ದೂರು: ನಮ್ಮ ಮೈದುನ ಸಾರ್. ಪಾಲಿಸಿ 3 ವರ್ಷ ಆಗೈತೆ.

ಡಾಕ್ಟ್ರು: ಹಾಗಾದ್ರೆ ಆ ವೇಟಿಂಗ್ ಮುಗ್ದಿರುತ್ತೆ. ನಾಳೆನೇ ರಿಜೆಕ್ಷನ್ ಲೆಟರ್ ಕೇಳಿ, ಇವತ್ತೇ ಮಷೀನ್ ವಿಚಾರಿಸಿ.