ಸಹಾಯ ಬೇಕು: ಎರಡೇ ಕೋವಿ ಅಂದರೆ ಯಾವುದು ಇಟ್ಟುಕೊಳ್ಳಲಿ?

ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ, ಸ್ವಲ್ಪ ಗದ್ದೆ. ಬೆಳೆ ರಕ್ಷಣೆಗೆಂದು ಅಪ್ಪಯ್ಯ ಇಟ್ಟಿದ್ದ ಕೇಪಿನ ಕೋವಿ ಈಗ ನನ್ನ ಲೈಸೆನ್ಸಿಗೆ ಬಂದಿದೆ. ನಳಿಗೆಯ ಬಾಯಿಂದ ಮಸಿ (ಕೋವಿಮದ್ದು) ತುಂಬಿ, ಗಜ ಹಾಕಿ ಜಡಿದು, ಕಿಡಿ ಹೊತ್ತಿಸುವ ಕೇಪು ಸಿಕ್ಕಿಸುವಷ್ಟರಲ್ಲಿ ಮಂಗಗಳು ಪಕ್ಕದ ತೋಟ ಸೇರಿರುತ್ತವೆ, ಮಳೆಗಾಲದಲ್ಲಂತೂ ಮಸಿ ತಂಡಿ ಹಿಡಿದು ಈಡೇ ಹಾರುವುದಿಲ್ಲ.

ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಆದಮೇಲೆ ಒಬ್ಬರಿಗೆ ಎರಡೇ ಕೋವಿ ಅಲ್ವಾ, ಹಾಗಾಗಿ ಇನ್ನೊಂದನ್ನು ಯೋಚಿಸಿಯೇ ತಗೋಬೇಕು. ನನಗೆ 12 ಬೋರಿನ ಜೋಡಿನಳಿಗೆ ಕೋವಿ ಮೇಲೆ ಮನಸ್ಸು. ಮಡಚಿದರೆ ಒಳಗೆ ತೋಟಾ (ಕಾರ್ಟ್ರಿಜ್) ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ, ಮಕ್ಕಳಿರುವ ಮನೆಯಲ್ಲಿ ಅದು ಮುಖ್ಯ. ಭಾವ ಮಾತ್ರ .315 ರೈಫಲ್ಲೇ ತಗೋ ಅಂತಾರೆ. ಸುತ್ತ ಮನೆಗಳಿವೆ, ಅದರ ಗುಂಡು ತೋಟ ದಾಟಿ ಎಲ್ಲಿಗೆ ಹೋಗುತ್ತದೋ ಅಂತ ನನಗೆ ಭಯ. ಬೇಟೆಗಲ್ಲ ಮಾರಾಯ್ರೇ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಗೊತ್ತು, ಸುಮ್ನೆ ಶಬ್ದಕ್ಕೆ ಅಷ್ಟೇ.

ಹಳೇ ಜೋಡಿನಳಿಗೆ ಕೊಳ್ಳುವಾಗ ನಳಿಗೆ ಒಳಗೆ ಏನೇನು ನೋಡಬೇಕು? ಕೇಪಿನ ಕೋವಿ ಕೊಟ್ಟುಬಿಡಲಾ? ಚುನಾವಣೆ ಹೊತ್ತಿಗೆ ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಇಟ್ಟು ತಂದಾಗ ತುಕ್ಕು ಹಿಡಿಯದ ಹಾಗೆ ಏನು ಸವರುತ್ತೀರಿ? ಕೊಡಗಿನವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.