ಕ್ರೋಮ್ ಬಂಪರ್ ಮೇಲೆ ಪೇಂಟ್ ಕೂತಿದೆ, ಹೊಳಪು ಕೆಡದಂತೆ ತೆಗೆಯೋದು ಹೇಗೆ?

ಪ್ರಶ್ನೆ (ಚಿತ್ರದುರ್ಗ):
ಅಣ್ಣಾ ನಮಸ್ಕಾರ. ಮನೆಯಲ್ಲಿ ಅಪ್ಪನ ಹಳೇ ಅಂಬಾಸಿಡರ್ ಇದೆ. ಆಯುಧ ಪೂಜೆಗೆ ಚೆಂದ ಕಾಣಲಿ ಅಂತ ಪೂರ್ತಿ ಬಿಳಿ ಪೇಂಟ್ ಹೊಡೆಸಿದೆವು. ಮಾಸ್ಕಿಂಗ್ ಟೇಪ್ ಸರಿಯಾಗಿ ಹಚ್ಚಿರಲಿಲ್ಲ ಅನ್ಸುತ್ತೆ. ಮುಂದಿನ ಬಂಪರ್, ಹೆಡ್‌ಲೈಟ್ ರಿಂಗ್ ಮೇಲೆಲ್ಲ ಸಣ್ಣ ಸಣ್ಣ ಬಿಳಿ ಚುಕ್ಕೆ ಕೂತಿವೆ. ಕೈಯಾಡಿಸಿದರೆ ತರಿತರಿ. ಹಿಂದಿನ ಬಂಪರ್‌ಗೆ ಯಾವ ಕಾಲದಲ್ಲೋ ಯಾರೋ ಬ್ರಷ್‌ನಲ್ಲಿ ಸಿಲ್ವರ್ ಪೇಂಟ್ ಬಳಿದಿದ್ದಾರೆ. ಅದೂ ಹೋಗಬೇಕು. ಪಕ್ಕದ ಮನೆಯವರು ಬಾತ್‌ರೂಮ್ ಆಸಿಡ್ ಹಾಕು ಅಂತಾರೆ, ಇನ್ನೊಬ್ಬರು ಎಮರಿ ಪೇಪರ್ ಹಾಕಿ ತಿಕ್ಕು ಅಂತಾರೆ. ಯಾವುದು ಸರಿ?

ಉತ್ತರ (ಕಾರ್ ಪೇಂಟರ್, ದಾವಣಗೆರೆ):
ಎರಡೂ ಬೇಡ ಬ್ರದರ್. ಬಾತ್‌ರೂಮ್ ಆಸಿಡ್‌ನಲ್ಲಿ ಇರೋದು ಹೈಡ್ರೋಕ್ಲೋರಿಕ್ ಆಸಿಡ್. ಅದು ಪೇಂಟ್ ಬಿಟ್ಟು ಕ್ರೋಮನ್ನೇ ತಿನ್ನುತ್ತದೆ. ಪ್ಲೇಟಿಂಗ್ ಮಾಡುವವರು, ಅಂದ್ರೆ ಲೋಹದ ಮೇಲೆ ಕ್ರೋಮ್ ಪದರ ಕೂರಿಸುವವರು, ಹಳೇ ಕ್ರೋಮ್ ಕಳಚೋದಕ್ಕೆ ಬಳಸೋದೇ ಇದನ್ನ. ಎಮರಿ ಪೇಪರ್ ಹಾಕಿದರೆ ಗೀರು ಬೀಳುತ್ತೆ. ಪೇಂಟ್ ಮೇಲಿನ ಗೀರನ್ನು ಪಾಲಿಶ್‌ನಲ್ಲಿ ತೆಗೀಬಹುದು, ಕ್ರೋಮ್ ಮೇಲಿನ ಗೀರು ಹಾಗಲ್ಲ.

ಕ್ರೋಮ್ ಗಟ್ಟಿ, ನಿಜ. ಆದರೆ ತುಂಬಾ ತೆಳು. ಬಂಪರ್ ಮೇಲೆ ಅದು ಸಾಮಾನ್ಯವಾಗಿ ಅರ್ಧ ಮೈಕ್ರಾನ್ ಕೂಡ ಇರಲ್ಲ. ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ತುಕ್ಕು ತಡೆಯೋದು ಅದರ ಕೆಳಗಿನ ನಿಕ್ಕಲ್ ಪದರ, ಅದು ಹತ್ತು-ಇಪ್ಪತ್ತು ಮೈಕ್ರಾನ್ ಇರಬಹುದು. ಕೆಳಗೆ ಕಬ್ಬಿಣ. ಅದಕ್ಕೇ ನಾನು ಎಲ್ಲರಿಗೂ ಹೇಳೋದು: ಕೈಬಲ ಹಾಕಬೇಡಿ, ಪೇಂಟನ್ನು ನೆನೆಸಿ, ಕಾಯಿರಿ, ಅದೇ ಬಿಟ್ಟುಕೊಳ್ಳುತ್ತೆ.

ಮೊದಲು ಬಿಳಿ ಚುಕ್ಕೆ. ಬಿಸಿ ನೀರಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಒಂದಿಷ್ಟು ಹಾಕಿ. ಬನಿಯನ್ ಬಟ್ಟೆ ಅದ್ದಿ ಬಂಪರ್ ಮೇಲೆ ಹತ್ತು ನಿಮಿಷ ಹೊದಿಸಿ. ಆಮೇಲೆ ಹಳೇ ಎಟಿಎಂ ಕಾರ್ಡ್ ಅಂಚಿನಿಂದ ಮೆಲ್ಲಗೆ ತಳ್ಳಿ. ಚುಕ್ಕೆ ಹೊಸದಾದ್ರೆ ಅರ್ಧಕ್ಕರ್ಧ ಹೀಗೇ ಉದುರುತ್ತೆ. ಕ್ಲೇ ಬಾರ್ (ಕಾರಿನ ಮೇಲೆ ಅಂಟಿದ ಕಣ ತೆಗೆಯೋ ಮೆತ್ತನೆ ಮುದ್ದೆ) ಸಿಕ್ಕರೆ ಇನ್ನೂ ಒಳ್ಳೇದು. ಸೋಪ್ ನೀರು ಚಿಮುಕಿಸಿ ಹಗುರವಾಗಿ ಆಡಿಸಿ. ತರಿತರಿ ಹೋಗಿ ನುಣುಪಾಗಿದ್ದು ಬೆರಳಿಗೇ ಗೊತ್ತಾಗುತ್ತೆ.

ಉಳಿದಿದ್ದಕ್ಕೆ ತಿನ್ನರ್. ಬಣ್ಣ ಬಿಡದ ಕಡುಬಣ್ಣದ ಬಟ್ಟೆಗೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ತಿನ್ನರ್ ಹಾಕಿ ಒಂದು ಚುಕ್ಕೆ ಮೇಲೆ ಒತ್ತಿ ಹಿಡಿಯಿರಿ. ಬಟ್ಟೆಗೆ ಬಿಳಿ ಬಣ್ಣ ಹತ್ತಿತು ಅಂದ್ರೆ ಅದು ಡುಕೋ, ಅಂದ್ರೆ ತಿನ್ನರ್‌ಗೆ ಕರಗೋ ಪೇಂಟ್, ಕೆಲಸ ಸುಲಭ. ಹತ್ತಲಿಲ್ಲ ಅಂದ್ರೆ ಪಿಯು (ಪಾಲಿಯುರೆಥೇನ್) ಪೇಂಟ್ ಹೊಡೆದಿದ್ದಾರೆ. ಅದು ಒಮ್ಮೆ ಗಟ್ಟಿಯಾದ ಮೇಲೆ ತಿನ್ನರ್‌ಗೆ ಜಗ್ಗಲ್ಲ, ಪೇಂಟ್ ರಿಮೂವರ್ ಬೇಕು. ನಮ್ಮ ಕಡೆ ಬಿಸಿಲಿಗೆ ತಿನ್ನರ್ ಕ್ಷಣದಲ್ಲಿ ಆರಿಹೋಗುತ್ತೆ. ಬೆಳಗ್ಗೆ ನೆರಳಲ್ಲಿ ಮಾಡಿ. ಒದ್ದೆ ಬಟ್ಟೆ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. ಬೀಡಿ, ಸಿಗರೇಟ್, ಗ್ಯಾಸ್ ಒಲೆ ಹತ್ತಿರ ಇರಬಾರದು. ಮುಖ್ಯವಾಗಿ, ಒಂದು ಹನಿ ಹೊಸ ಪೇಂಟ್ ಮೇಲೆ ಬಿದ್ದರೂ ಅಲ್ಲಿ ಸುಕ್ಕು ಬರುತ್ತೆ. ಟೇಪ್ ನಂಬಬೇಡಿ, ಅದರ ಅಡಿಗೂ ತಿನ್ನರ್ ನುಸುಳುತ್ತೆ. ಬಂಪರ್, ರಿಂಗ್ ಎರಡೂ ಬಿಚ್ಚಿಕೊಂಡು ಮಾಡಿ. ಬೋಲ್ಟ್ ತುಕ್ಕು ಹಿಡಿದಿದ್ರೆ ಹಿಂದಿನ ರಾತ್ರಿಯೇ ಎಣ್ಣೆ ಬಿಡಿ.

ಪಾತ್ರೆ ಉಜ್ಜೋ ಹಸಿರು ಸ್ಕ್ರಬ್ಬರ್, ಸ್ಟೀಲ್ ನಾರು ಎರಡನ್ನೂ ಮುಟ್ಟಬೇಡಿ. ಕೊನೆಯ ಕಲೆಗೆ ಬೇಕೇ ಬೇಕು ಅಂದ್ರೆ ನಾಲ್ಕು ಸೊನ್ನೆ ನಂಬರಿನ ಸ್ಟೀಲ್ ವುಲ್ ಬರುತ್ತೆ, ಹತ್ತಿಯಷ್ಟು ಮೆತ್ತಗೆ. ಸೋಪ್ ನೀರಿನ ಜೊತೆ, ಬಂಪರ್ ಕೆಳ ಅಂಚಲ್ಲಿ ಪರೀಕ್ಷೆ ಮಾಡಿ ಆಮೇಲೆ.

ಪ್ರಶ್ನೆ (ಚಿತ್ರದುರ್ಗ):
ಧನ್ಯವಾದ ಅಣ್ಣಾ. ಹಿಂದಿನ ಬಂಪರ್ ಸಿಲ್ವರ್ ಪೇಂಟ್?

ಉತ್ತರ:
ಅದರಲ್ಲಿ ಒಂದು ಅನುಮಾನ ಇದೆ. ಚೆನ್ನಾಗಿರೋ ಕ್ರೋಮ್‌ಗೆ ಸುಮ್ನೆ ಯಾರೂ ಸಿಲ್ವರ್ ಬಳಿಯಲ್ಲ. ಒಳಗೆ ಕ್ರೋಮ್ ಹೋಗಿರಬಹುದು, ತುಕ್ಕು ಇರಬಹುದು. ಪೂರ್ತಿ ಕೈಹಾಕೋ ಮುಂಚೆ ಕೆಳಗಡೆ, ಕಣ್ಣಿಗೆ ಬೀಳದ ಜಾಗದಲ್ಲಿ ಅಂಗೈಯಗಲ ತೆಗೆದು ನೋಡಿ.

ಹಾರ್ಡ್‌ವೇರ್ ಅಂಗಡಿಯಲ್ಲಿ ಪೇಂಟ್ ರಿಮೂವರ್ ಅಂತ ಜೆಲ್ ಸಿಗುತ್ತೆ. ಬ್ರಷ್‌ನಲ್ಲಿ ದಪ್ಪಗೆ, ಒಂದೇ ಕಡೆಗೆ ಎಳೆದು ಹಚ್ಚಿ. ಪ್ಲಾಸ್ಟಿಕ್ ಹಾಳೆ ಮುಚ್ಚಿ ಡಬ್ಬಿ ಮೇಲೆ ಬರೆದಷ್ಟು ಹೊತ್ತು ಬಿಡಿ. ಪೇಂಟ್ ಕಾಯಿಸಿದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಮೇಲೇಳುತ್ತೆ. ಆಗ ಪ್ಲಾಸ್ಟಿಕ್ ಪಟ್ಟಿಯಿಂದ ಸರಿಸಿ. ಏಳದಿದ್ದ ಕಡೆ ಕೆರೆಯೋದು ಬೇಡ, ಇನ್ನೊಂದು ಸಲ ಹಚ್ಚಿ.

ಕೆಲವು ರಿಮೂವರ್‌ನಲ್ಲಿ ಮೆಥಿಲೀನ್ ಕ್ಲೋರೈಡ್ ಇರುತ್ತೆ. ಅದರ ಹಬೆ ಗಾಳಿಗಿಂತ ಭಾರ, ನೆಲದ ಹತ್ತಿರ ನಿಲ್ಲುತ್ತೆ. ಮುಚ್ಚಿದ ಶೆಡ್‌ನಲ್ಲಿ ಬಗ್ಗಿ ಕೆಲಸ ಮಾಡಿದರೆ ಪ್ರಾಣಕ್ಕೇ ಅಪಾಯ. ಬಟ್ಟೆ ಮಾಸ್ಕ್ ಇದನ್ನು ತಡೆಯಲ್ಲ. ಬಯಲಲ್ಲೇ ಮಾಡಿ. ಆಸ್ಪತ್ರೆಯ ತೆಳು ಗ್ಲೌಸ್ ಕೂಡ ಸಾಲಲ್ಲ. ದಪ್ಪದ ಕೆಮಿಕಲ್ ಗ್ಲೌಸ್, ಕನ್ನಡಕ ಹಾಕಿಕೊಳ್ಳಿ. ಮಕ್ಕಳನ್ನ ದೂರ ಇಡಿ.

ಪ್ರಶ್ನೆ (ಹರಿಹರ):
ಅಣ್ಣಾ, ನನ್ನದು ಹೊಸ ಕಾರು. ಅಪಾರ್ಟ್‌ಮೆಂಟ್‌ಗೆ ಬಣ್ಣ ಬಳಿಯುವಾಗ ಮುಂದಿನ ಗ್ರಿಲ್ ಮೇಲೆ ಹನಿ ಬಿದ್ದಿವೆ. ನಾನೂ ತಿನ್ನರ್ ಹಾಕಬಹುದಾ?

ಉತ್ತರ:
ಬೇಡ ಅಕ್ಕಾ, ದಯವಿಟ್ಟು ಬೇಡ. ಈಗಿನ ಕಾರಿನ ಗ್ರಿಲ್ ಹೆಚ್ಚಿನಂಶ ಪ್ಲಾಸ್ಟಿಕ್, ಮೇಲೆ ಮಾತ್ರ ಕ್ರೋಮ್. ಉಗುರಿಂದ ತಟ್ಟಿ ನೋಡಿ, ಲೋಹದ ಸದ್ದು ಬರಲ್ಲ. ಆಯಸ್ಕಾಂತ ಕೂಡ ಗಟ್ಟಿಯಾಗಿ ಹಿಡಿಯಲ್ಲ. ತಿನ್ನರ್, ನೇಲ್ ಪಾಲಿಶ್ ರಿಮೂವರ್ ಅಂಚಿಂದ ಒಳಗೆ ಇಳಿದರೆ ಆ ಪ್ಲಾಸ್ಟಿಕ್ ಕರಗುತ್ತೆ, ಕ್ರೋಮ್ ಹಪ್ಪಳ ಏಳುತ್ತೆ.

ನಿಮ್ಮದು ಗೋಡೆ ಬಣ್ಣ, ಅದೃಷ್ಟ. ಡಿಸ್ಟೆಂಪರ್ ಆದ್ರೆ ಬೆಚ್ಚಗಿನ ನೀರಲ್ಲಿ ನೆನೆಸಿದರೇ ಸಾಕು. ಎಮಲ್ಷನ್ ಆದ್ರೆ ಮೆಡಿಕಲ್ ಶಾಪ್‌ನಲ್ಲಿ ಸಿಗೋ ಐಸೋಪ್ರೊಪೈಲ್ ಆಲ್ಕೋಹಾಲ್ ಹತ್ತಿಗೆ ಹಾಕಿ ಹನಿ ಮೇಲೆ ಅರ್ಧ ನಿಮಿಷ ಇಡಿ. ಮೆತ್ತಗಾದ ಮೇಲೆ ಉಗುರಲ್ಲೇ ಬರುತ್ತೆ. ಮೊದಲು ಮೂಲೆಯಲ್ಲಿ ನೋಡಿಕೊಳ್ಳಿ. ಕಂಪನಿ ಲೋಗೋ ಮೇಲೆ ಆದಷ್ಟು ನೀರೇ ಬಳಸಿ. ಕೆಲವು ಲೋಗೋ ಮೇಲೆ ಬರೀ ಲ್ಯಾಕರ್, ಅಂದ್ರೆ ವಾರ್ನಿಷ್‌ನಂಥ ಪದರ ಇರುತ್ತೆ.

ಪ್ರಶ್ನೆ (ದಾವಣಗೆರೆ, ವಿದ್ಯಾನಗರ):
ಗ್ಯಾರೇಜ್‌ನಲ್ಲಿ ಕಾಸ್ಟಿಕ್ ಸೋಡಾ ನೀರಲ್ಲಿ ಮುಳುಗಿಸ್ತಾರಲ್ಲ, ಅದು?

ಉತ್ತರ:
ಕಬ್ಬಿಣದ ಬಂಪರ್‌ಗೆ ನಡೆಯುತ್ತೆ ಸರ್, ಪೇಂಟ್ ಚೆನ್ನಾಗಿ ಬಿಡುತ್ತೆ. ಅಲ್ಯುಮಿನಿಯಂಗೆ, ಹಳೇ ಕಾರಿನ ಸತುವಿನ ಎರಕದ ಹ್ಯಾಂಡಲ್‌ಗೆ ಮಾತ್ರ ಹಾಕಲೇಬಾರದು, ತಿಂದುಹಾಕುತ್ತೆ. ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು. ಮನೆಯಲ್ಲಿ ಬೇಡ ಅಂತಲೇ ನನ್ನ ಮಾತು.

ಪ್ರಶ್ನೆ (ಚಿತ್ರದುರ್ಗ):
ಅಣ್ಣಾ, ಹಿಂದಿನ ಬಂಪರ್ ಅಂಗೈಯಗಲ ತೆಗೆದೆ. ಹೊಳಪು ಇದೆ, ಆದರೆ ಮಧ್ಯ ಮಧ್ಯ ಸ್ವಲ್ಪ ಹಳದಿ ಛಾಯೆ. ಅಲ್ಲಲ್ಲಿ ಕಂದು ಚುಕ್ಕೆ.

ಉತ್ತರ:
ಬಿಸಿಲಿಗೆ ಹಿಡಿದು ನೋಡಿ. ಕ್ರೋಮ್ ಸ್ವಲ್ಪ ನೀಲಿ ಹೊಡೆಯುತ್ತೆ, ನಿಕ್ಕಲ್ ಹಳದಿ. ಅಂದ್ರೆ ಹಳದಿ ಇರೋ ಕಡೆ ಕ್ರೋಮ್ ಸವೆದು ನಿಕ್ಕಲ್ ಹೊರಗೆ ಬಂದಿದೆ. ಕಂದು ಚುಕ್ಕೆ ಅಂದ್ರೆ ನಿಕ್ಕಲ್‌ನಲ್ಲೂ ಸೂಜಿಮೊನೆಯಷ್ಟು ತೂತು ಬಿದ್ದು ಕಬ್ಬಿಣ ತುಕ್ಕು ಹಿಡಿದಿದೆ.

ಆದರೂ ಪೂರ್ತಿ ತೆಗೆಯಿರಿ, ಸಿಲ್ವರ್‌ಗಿಂತ ಅದೇ ಚೆಂದ. ಕಂದು ಚುಕ್ಕೆಗೆ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಮುದ್ದೆ ಮಾಡಿ, ನೀರಲ್ಲಿ ಅದ್ದಿ ಹಗುರವಾಗಿ ತಿಕ್ಕಿ. ಫಾಯಿಲ್ ಕ್ರೋಮ್‌ಗಿಂತ ಮೆತ್ತಗೆ, ತುಕ್ಕು ಬಿಡುತ್ತೆ, ಗೀರು ಬೀಳಲ್ಲ. ಹಳದಿ ಜಾಗದಲ್ಲಿ ಬಟ್ಟೆ ಸಾಕು, ನಿಕ್ಕಲ್‌ಗೆ ಕ್ರೋಮಿನಷ್ಟು ಗಟ್ಟಿತನ ಇಲ್ಲ. ಬೋರ್‌ವೆಲ್ ಗಡಸು ನೀರಾದ್ರೆ ತೊಳೆದ ತಕ್ಷಣ ಒರೆಸಿ, ಇಲ್ಲ ಅಂದ್ರೆ ಬಿಳಿ ಕಲೆ ಉಳಿಯುತ್ತೆ. ಆಮೇಲೆ ಕಾರ್ ವ್ಯಾಕ್ಸ್ ಹಚ್ಚಿ, ಬಂಪರ್ ಒಳಬದಿಗೂ ಬಿಡದೆ ಹಚ್ಚಿ. ತುಕ್ಕು ಶುರುವಾಗೋದು ಜಾಸ್ತಿ ಅಲ್ಲಿಂದಲೇ.

ಪೂರ್ತಿ ಹೊಸದರ ಹಾಗೆ ಬೇಕಂದ್ರೆ ಮತ್ತೆ ಪ್ಲೇಟಿಂಗ್ ಮಾಡಿಸಬೇಕು. ಮನೆಯಲ್ಲಿ ಕಿಟ್ ತಂದು ಮಾಡೋ ಕೆಲಸ ಅಲ್ಲ ಅದು. ಪ್ಲೇಟಿಂಗ್ ದ್ರಾವಣದ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು. ಕೊಡುವಾಗ ತಾಮ್ರ, ನಿಕ್ಕಲ್ ಪದರ ಹಾಕ್ತೀರಾ ಅಂತ ಕೇಳಿ. ಬರೀ ಮೇಲೆ ಕ್ರೋಮ್ ಮುಳುಗಿಸಿ ಕೊಟ್ಟರೆ ಮಳೆಗಾಲ ದಾಟಲ್ಲ. ಹಳೇ ಬಂಪರನ್ನ ಮಾತ್ರ ಗುಜರಿಗೆ ಹಾಕಬೇಡಿ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ, ಆ ದಪ್ಪದ ಕಬ್ಬಿಣದ ಬಂಪರ್ ಹುಡುಕಿದರೂ ಈಗ ಸಿಗೋದು ಕಷ್ಟ.